ಕ್ಲಿಫರ್ಡ್‌ಗೊಂದು ಹಾಸಿಗೆ

ಶೆಫೀಲ್ಡ್
೬ ಅಕ್ಟೋಬರ್ ೧೯೭೯

ಗೊಡೆಲೀವ್ ಡೆಪ್ರೆ ಅವರಿಗೆ,

ನನ್ನ ಪರಿಚಯ ನಿಮಗಿಲ್ಲ. ಲೀಡ್ಸ್‌ನ ಒಂದು ರೆಕಾರ್ಡ್ ಅಂಗಡಿಯಲ್ಲಿ ಪಿನ್ ಹೊಡೆದ ನಾಲ್ಕು ಹಾಳೆಯ ಪತ್ರಿಕೆ ಸಿಕ್ಕಿತು. ಅದರ ಹಿಂಬದಿಯಲ್ಲಿ ನಿಮ್ಮ ವಿಳಾಸ ಇತ್ತು. ಜೊತೆಗೆ, 'ಯಂತ್ರದಲ್ಲಿ ಸಂಗೀತ ಮಾಡುವವರು ಕ್ಯಾಸೆಟ್ ಕಳಿಸಿ, ಬೆಲ್ಜಿಯಮ್ಮಿನ ನಮ್ಮ ಊರಲ್ಲಿ ಇಂಥದ್ದನ್ನು ಕೇಳುವವರು ಹನ್ನೊಂದು ಜನ ಇದ್ದೇವೆ' ಎಂಬ ಸಾಲೂ ಇತ್ತು. ನಮ್ಮ ಶೆಫೀಲ್ಡ್‌ನಲ್ಲಿ ನಾನು ಕಂಡಂತೆ ಒಂಬತ್ತೇ ಜನ. ದೊಡ್ಡ ಊರಿನವರೂ ಒಮ್ಮೆ ಕೇಳಲಿ ಎಂದು ಕ್ಯಾಸೆಟ್ ಕಳಿಸುತ್ತಿದ್ದೇನೆ.

ನಮ್ಮ ತಂಡದ ಹೆಸರು 'ಎರಡನೇ ಪಾಳಿ'. ಹಾಡು ಮತ್ತು ಸಿಂಥಸೈಜರ್ ನನ್ನದು, ಡ್ರಮ್ ಕ್ಲಿಫರ್ಡ್‌ದು. ನಾನು ಬೆಳಿಗ್ಗೆ ಚಮಚದ ಕಾರ್ಖಾನೆಯಲ್ಲಿ ಚಮಚಕ್ಕೆ ಪಾಲಿಶ್ ಹಾಕುತ್ತೇನೆ, ಸಂಜೆ ಇದನ್ನು ಮಾಡುತ್ತೇನೆ. ಸಿಂಥಸೈಜರನ್ನು ಅಂಗಡಿಯಿಂದ ತಂದದ್ದಲ್ಲ. ಎಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ ಬಂದ ನಕ್ಷೆ ನೋಡಿಕೊಂಡು ಅಜ್ಜಿಯ ಅಡುಗೆಮನೆ ಮೇಜಿನ ಮೇಲೆ ನಾನೇ ಬೆಸುಗೆ ಹಾಕಿದ್ದು. ಮೇಜಿನ ತುಂಬ ಸುಟ್ಟ ಕಲೆ. ಮೊದಲ ಸಲ ಅದಕ್ಕೆ ಕರೆಂಟು ಕೊಟ್ಟಾಗ ಅಜ್ಜಿ ಒಳಗಿನಿಂದ ಓಡಿಬಂದು, "ಪಾಪ, ಅದನ್ನ ಬಿಟ್ಟುಬಿಡೋ" ಎಂದಳು. ಬಾಗಿಲ ಸಂದಿಗೆ ಬೆಕ್ಕು ಸಿಕ್ಕಿಕೊಂಡಿದೆ ಎಂದು ತಿಳಿದಿದ್ದಳಂತೆ.

ಎರಡನೇ ಹಾಡಿನಲ್ಲಿ ಬರುವ ಆ ಗೊಗ್ಗರು ದನಿ ನಿಮಗೆ ಹಿಡಿಸಿದರೆ, ಅದು ಹೇಗೆ ಬಂತೆಂದು ಮಾತ್ರ ಕೇಳಬೇಡಿ. ನನ್ನ ಯಂತ್ರಕ್ಕೆ ನೆನಪಿನ ಶಕ್ತಿ ಇಲ್ಲ, ದಿನವೂ ಗುಂಡಿ ತಿರುಗಿಸಿ ದನಿಯನ್ನು ಹೊಸದಾಗಿ ಹುಡುಕಬೇಕು. ಎಲ್ಲ ಗುಂಡಿಗಳನ್ನೂ ಅದೇ ಜಾಗಕ್ಕೆ ತಂದು ನೋಡಿದ್ದೇನೆ, ಅದು ಮತ್ತೆ ಬರಲಿಲ್ಲ. ಅವತ್ತು ಅಜ್ಜಿ ಕೇಕ್ ಬೇಯಿಸುತ್ತಿದ್ದಳು, ಅಡುಗೆಮನೆ ಬೆಚ್ಚಗಿತ್ತು. ಆ ಶಾಖಕ್ಕೆ ಯಂತ್ರದ ಶ್ರುತಿ ಜಾರಿತ್ತು ಎಂದು ಕಾಣುತ್ತದೆ. ಈಗ ಆ ದನಿ ಬೇಕೆಂದಾಗ ಕೇಕ್ ಮಾಡು ಎಂದು ಅಜ್ಜಿಯ ಬೆನ್ನು ಹತ್ತುತ್ತೇನೆ.

ಕೇಳಿ, ಬೈಯುವುದಿದ್ದರೂ ಬರೆಯಿರಿ.

ಐವರ್ ಸ್ಟಾನಿಫೋರ್ತ್


ರೊನ್ಸೆ
೨೪ ಅಕ್ಟೋಬರ್ ೧೯೭೯

ಐವರ್ ಅವರಿಗೆ,

ಬೈಯಿರಿ ಎಂದು ನೀವೇ ಬರೆದದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ. ಮೊದಲ ಹಾಡು ಮುಗಿಯುವುದೇ ಇಲ್ಲ. ಮೂರನೆಯದರಲ್ಲಿ ನೀವು ಬೀರುವಿನೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಎರಡನೆಯದನ್ನು ಎಷ್ಟು ಸಲ ಹಾಕಿದೆನೋ ನನಗೇ ತಿಳಿಯದು. ನಿಮ್ಮ ಅಜ್ಜಿಯ ಕೇಕಿಗೆ ನನ್ನ ನಮಸ್ಕಾರ ತಿಳಿಸಿ.

ನಾನು ಇಲ್ಲಿನ ಬಟ್ಟೆ ಗಿರಣಿಯಲ್ಲಿ ಮಗ್ಗದ ಕಡಿದ ನೂಲಿಗೆ ಗಂಟು ಹಾಕುವವಳು. ಎಂಟು ಗಂಟೆ ಮಗ್ಗದ ಸದ್ದು ಕೇಳಿ ಬಂದವಳಿಗೆ ಗಿಟಾರು ಸೊಳ್ಳೆಯ ಹಾಗೆ ಕೇಳುತ್ತದೆ, ಆದ್ದರಿಂದಲೇ ನಾನು ಈ ಸಂಗೀತಕ್ಕೆ ಬಂದೆ. ಮದುವೆ ಮನೆಗಳಲ್ಲಿ ಆರ್ಗನ್ ನುಡಿಸುತ್ತಿದ್ದವರೊಬ್ಬರು ಒಲ್ಲೆನೆಂದು ಬಿಟ್ಟ ಸಿಂಥಸೈಜರ್ ನನ್ನ ಹತ್ತಿರ ಇದೆ.

ಬರೆಯಬೇಕಾದ್ದು ಇನ್ನೊಂದಿದೆ. ನನ್ನ ಕೋಣೆ ಅಡುಗೆಮನೆಯ ಮೇಲಿದೆ. ಕ್ಯಾಸೆಟ್ ಹಾಕಿದಾಗ ಅಪ್ಪ ಕೆಳಗಿನಿಂದ ಪೊರಕೆ ಹಿಡಿಯಲ್ಲಿ ಛಾವಣಿ ಕುಟ್ಟಿದ. ನಿಲ್ಲಿಸು ಎನ್ನುತ್ತಿದ್ದಾನೆ ಎಂದುಕೊಂಡೆ. ಸದ್ದು ಹೆಚ್ಚಿಸು ಎನ್ನುತ್ತಿದ್ದನಂತೆ! ಅಪ್ಪ ಫಿರ್ಮಿನ್, ನಾನು ಹುಟ್ಟುವ ಮೊದಲಿನಿಂದಲೂ ಊರಿನ ಬ್ಯಾಂಡ್‌ಸೆಟ್‌ನಲ್ಲಿ ದೊಡ್ಡ ಡ್ರಮ್ ಬಾರಿಸುವವನು. ಈಗಿನ ಹುಡುಗರು ತಾಳ ಹಾಕುವುದು ಕುಡುಕರು ಮನೆಗೆ ನಡೆದ ಹಾಗೆ ಎನ್ನುವುದು ಅವನ ಮಾತು. ಅಂಥವನು ಮೆಟ್ಟಿಲು ಹತ್ತಿ ಬಂದು, ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಬೆರಳಿಟ್ಟು, "ಡ್ರಮ್ ಬಾರಿಸ್ತಿರೋ ಹುಡುಗ ಯಾರಮ್ಮಾ?" ಎಂದು ಕೇಳಿದ. ಕ್ಲಿಫರ್ಡ್ ಎಂದೆ. ಅಪ್ಪ ಯಾರನ್ನಾದರೂ ಹೊಗಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರಿಗೆ ತಿಳಿಸಿ.

ಗೊಡೆಲೀವ್ ಡೆಪ್ರೆ


ಶೆಫೀಲ್ಡ್
೮ ನವೆಂಬರ್ ೧೯೭೯

ಗೊಡೆಲೀವ್ ಅವರಿಗೆ,

ನಿಮ್ಮ ಕಿವಿ ಭಲೇ ಕಿವಿ. ಮೂರನೇ ಹಾಡನ್ನು ಬೀರುವಿನೊಳಗೇ ನಿಂತು ಹಾಡಿದ್ದು. ಅಜ್ಜಿಯ ಕೋಟುಗಳ ನಡುವೆ ಬೀದಿಯ ಬಸ್ಸಿನ ಸದ್ದು ಬರುವುದಿಲ್ಲ.

ನಿಮ್ಮ ತಂದೆಯವರು ಹೊಗಳಿದ್ದನ್ನು ಕ್ಲಿಫರ್ಡ್‌ಗೆ ಓದಿ ಹೇಳಿದೆ. ಹೊಗಳಿದರೂ ತೆಗಳಿದರೂ ಅವನ ಮುಖದಲ್ಲಿ ಒಂದು ಗೆರೆ ಅಲುಗುವುದಿಲ್ಲ. ಬಂಗಾರದಂಥವನು. ಕುಡಿಯುವುದಿಲ್ಲ, ಹುಡುಗಿಯರ ಹಿಂದೆ ಹೋಗುವುದಿಲ್ಲ, ಅಭ್ಯಾಸಕ್ಕೆ ತಡಮಾಡಿದವನಲ್ಲ. ಬಹಳ ಹೊತ್ತು ಬಾರಿಸಿದರೆ ಬೆನ್ನು ಕಾಯುತ್ತದೆ, ಅದೊಂದೇ ತೊಂದರೆ. ಕಿಟಕಿ ತೆರೆದರೆ ಸರಿಹೋಗುತ್ತಾನೆ. ಅಜ್ಜಿಗೂ ಅವನೆಂದರೆ ಪ್ರಾಣ, ಶನಿವಾರ ಶನಿವಾರ ಮರೆಯದೆ ಅವನ ಧೂಳು ಒರೆಸುತ್ತಾಳೆ.

ನಿಮ್ಮೂರಿನ ಹನ್ನೊಂದು ಜನರ ಮುಂದೆ ಒಮ್ಮೆ ನುಡಿಸುವ ಆಸೆ ಇದೆ. ಇಲ್ಲಿ ನುಡಿಸಿದರೆ ಒಂಬತ್ತು ಜನವೂ ಕೈಕಟ್ಟಿಕೊಂಡು ನಿಲ್ಲುತ್ತಾರೆ. ಅವರೂ ಇದೇ ಸಂಗೀತ ಮಾಡುವವರು, ನನಗಿಂತ ಚೆನ್ನಾಗಿ ಮಾಡುತ್ತೇವೆ ಎಂದು ನಂಬಿದವರು. ಹಲ್ ಬಂದರಿನಿಂದ ನಿಮ್ಮ ಕಡೆಗೆ ಹಡಗಿದೆ. ಬರಬಹುದೇ?

ಐವರ್


ರೊನ್ಸೆ
೨೯ ನವೆಂಬರ್ ೧೯೭೯

ಐವರ್ ಅವರಿಗೆ,

ಬರಬಹುದು. ಫೆಬ್ರವರಿ ೨೩, ಶನಿವಾರ, ಬ್ಯಾಂಡ್‌ಸೆಟ್‌ನವರ ಸಭಾಂಗಣ. ಕಾಫಿ ಮತ್ತು ಬಿಯರ್ ಅಂಗಡಿಯ ಹಿಂದೆಯೇ ಇದೆ, ಶುಕ್ರವಾರ ಅವರು ಅಲ್ಲೇ ಅಭ್ಯಾಸ ಮಾಡಿ ಆಮೇಲೆ ಮುಂದಿನ ಅಂಗಡಿಯಲ್ಲಿ ಕೂರುತ್ತಾರೆ.

ಅದು ಸುಲಭವಾಗಿ ಸಿಕ್ಕಲಿಲ್ಲ. ಸಮಿತಿಯ ಹಿರಿಯರು ತಕರಾರು ತೆಗೆದರು. ವೈರು ಹಾಸಿ ಕುಂಯ್‌ಗುಡಿಸುವವರಿಗೆ ನಮ್ಮ ಸಭಾಂಗಣ ಯಾಕೆ ಎಂದರು. ಅಪ್ಪ ಎದ್ದು ನಿಂತು, "ಅವರಲ್ಲಿ ಡ್ರಮ್ ಬಾರಿಸೋನು ಒಬ್ಬ ಇದಾನೆ. ಅವನಿಗೆ ನಾನು ಹೊಣೆ" ಎಂದ. ಅಪ್ಪನ ಮಾತಿಗೆ ಅಲ್ಲಿ ಬೆಲೆ ಇದೆ. ಕೊಟ್ಟರು.

ಈಗ ದಿನವೂ ಊಟದ ಮೊದಲು ಕ್ಯಾಸೆಟ್ ತೆಗೆದುಕೊಂಡು ಅಟ್ಟಕ್ಕೆ ಹೋಗುತ್ತಾನೆ, ಅದನ್ನು ಹಾಕಿ ಜೊತೆಗೆ ಬಾರಿಸುತ್ತಾನೆ. ಚಳಿಗಾಲ ಬಂದರೆ ಒಲೆ ಬಿಟ್ಟು ಏಳದ ಮನುಷ್ಯ! ನಿಮ್ಮ ಗೆಳೆಯರಿಗೆ ನಾವು ಋಣಿ.

ಅಮ್ಮ ಕೇಳುವ ಪ್ರಶ್ನೆಗಳಿಗೆ ಬೇಗ ಉತ್ತರ ಕೊಡಿ. ನಿಮಗೆ ಮುಂದಿನ ಕೋಣೆಯ ಸೋಫಾ. ಕ್ಲಿಫರ್ಡ್ ಅವರಿಗೆ ಸೈನ್ಯದಲ್ಲಿರುವ ನನ್ನ ತಮ್ಮನ ಹಾಸಿಗೆ, ಏಕೆಂದರೆ ಬೆನ್ನು ನೋವಿನವರು ಸೋಫಾದಲ್ಲಿ ಮಲಗಬಾರದು. ಆ ಮಂಚ ಗಿಡ್ಡ, ಅವರ ಎತ್ತರ ಎಷ್ಟು? ಬಿಯರಿನಲ್ಲಿ ಬೇಯಿಸಿದ ಮೊಲ ತಿನ್ನುತ್ತಾರೆಯೇ, ಅಥವಾ ಕುಡಿಯದವರು ಅದನ್ನೂ ಮುಟ್ಟುವುದಿಲ್ಲವೇ? ಬೆನ್ನಿಗೆ ಹಚ್ಚಲು ಅಮ್ಮ ಕರ್ಪೂರದ ಮುಲಾಮು ತೆಗೆದಿಟ್ಟಿದ್ದಾಳೆ. ಅಜ್ಜಿ ಅವರ ಧೂಳು ಒರೆಸುವುದು ಮಾತ್ರ ನಮಗೆ ತಿಳಿಯಲಿಲ್ಲ. ನಿಮ್ಮ ಚಮಚದ ಕಾರ್ಖಾನೆಯಲ್ಲಿ ಅಷ್ಟು ಧೂಳೇ?

ಗೊಡೆಲೀವ್


ಶೆಫೀಲ್ಡ್
೧೨ ಡಿಸೆಂಬರ್ ೧೯೭೯

ಗೊಡೆಲೀವ್ ಅವರಿಗೆ,

ಎತ್ತರ ನಾಲ್ಕು ಇಂಚು. ಉದ್ದ ಒಂದಡಿಗಿಂತ ತುಸು ಹೆಚ್ಚು.

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಮೊದಲ ಸಲ, ಇವರೂ ಚೆನ್ನಾಗಿ ತಮಾಷೆ ಮಾಡುತ್ತಾರೆ ಎಂದು ನಕ್ಕೆ. ಕರ್ಪೂರದ ಮುಲಾಮಿನ ಹತ್ತಿರ ಬಂದಾಗ ನಗು ನಿಂತಿತು. ಅಜ್ಜಿಗೆ ಓದಿ ಹೇಳಿದೆ. "ಲೇ, ಆ ಅಮ್ಮ ನಿಜವಾಗ್ಲೂ ಹಾಸಿಗೆ ಹಾಸಿದಾಳೆ ಕಣೋ" ಎಂದಳು.

ಕ್ಲಿಫರ್ಡ್ ಒಂದು ಪೆಟ್ಟಿಗೆ. ಫೋಟೋ ಇಟ್ಟಿದ್ದೇನೆ, ಗಡಿಯಾರದ ಪಕ್ಕದಲ್ಲಿರುವವನೇ ಅವನು. ಗುಂಡಿ ಒತ್ತಿದರೆ ತಾಳ ಹಾಕುತ್ತಾನೆ, ಕರೆಂಟು ತಿಂದು ಬದುಕುತ್ತಾನೆ, ಕಾಯುವ ಬೆನ್ನು ಅವನ ತಗಡಿನ ಮುಚ್ಚಳ. ನಮ್ಮ ಕಡೆ ಇಂಥ ಪೆಟ್ಟಿಗೆ ಇಟ್ಟುಕೊಂಡ ತಂಡದವರು ಅದಕ್ಕೊಂದು ಹೆಸರಿಟ್ಟು, ಹೊದಿಕೆಯ ಮೇಲೆ ತಮ್ಮ ಹೆಸರಿನ ಜೊತೆ ಬರೆಯುವುದು ವಾಡಿಕೆ. ಎಲ್ಲರೂ ಮಾಡುತ್ತಾರೆ. ಆದ್ದರಿಂದ ನಿಮಗೂ ಗೊತ್ತೇ ಇರುತ್ತದೆ ಎಂದುಕೊಂಡೆ. ನೀವು ಮೊದಲ ಪತ್ರದಲ್ಲಿ 'ಅವರಿಗೆ ತಿಳಿಸಿ' ಎಂದಾಗ ಎಂಥ ಗಂಭೀರ ಮುಖದಲ್ಲಿ ನಗಿಸುತ್ತಾರಪ್ಪ ಎಂದು ಮೆಚ್ಚಿದ್ದೆ.

ಸಿಟ್ಟಾಗಿದ್ದರೆ ಫೆಬ್ರವರಿ ೨೩ನ್ನು ಬೇರೆಯವರಿಗೆ ಕೊಟ್ಟುಬಿಡಿ. ಅಮ್ಮನ ಕಾಲಿಗೆ ಇಲ್ಲಿಂದಲೇ ಬಿದ್ದಿದ್ದೇನೆ.

ಐವರ್


ರೊನ್ಸೆ
೩೦ ಡಿಸೆಂಬರ್ ೧೯೭೯

ಐವರ್,

ಇನ್ನು 'ಅವರಿಗೆ' ಇಲ್ಲ. ಪೆಟ್ಟಿಗೆಗೆ ಹಾಸಿಗೆ ಹಾಸಿಸಿದವನಿಗೆ ಎಷ್ಟು ದಿನ ಮರ್ಯಾದೆ ಕೊಡಲಿ? ನೀನೂ ಬಿಟ್ಟುಬಿಡು.

ನಿನ್ನ ಪತ್ರ ಗಿರಣಿಯ ಊಟದ ಕೋಣೆಯಲ್ಲಿ ಓದಿದೆ. 'ನಾಲ್ಕು ಇಂಚು' ಎಂಬಲ್ಲಿಗೆ ಸೂಪು ಮೂಗಿಗೆ ಹೋಯಿತು. ಪಕ್ಕದ ಮಗ್ಗದವಳು ಬೆನ್ನು ತಟ್ಟಬೇಕಾಯಿತು. ಅಮ್ಮನಿಗೆ ಹೇಳಿದಾಗ ಅವಳು ಹಾಸಿದ ಆ ಹಾಸಿಗೆಯ ಮೇಲೇ ಕೂತು ನಕ್ಕಳು. ಆಮೇಲೆ ಇಬ್ಬರಿಗೂ ಒಟ್ಟಿಗೆ ಅಪ್ಪನ ನೆನಪಾಯಿತು.

ಅಪ್ಪನಿಗೆ ಹೇಳುವುದಿಲ್ಲ. ಅವನು ಎಲ್ಲರೆದುರು ಹೊಣೆ ಹೊತ್ತವನು. ಅದಕ್ಕಿಂತ ಹೆಚ್ಚಾಗಿ, ಈ ವಯಸ್ಸಿನಲ್ಲಿ ಸಂಜೆಯಾದರೆ ಹುಡುಗನ ಹಾಗೆ ಅಟ್ಟ ಹತ್ತುತ್ತಾನೆ. ಮೇಲಿನಿಂದ ಡ್ರಮ್ಮಿನ ಸದ್ದು, ಕ್ಯಾಸೆಟ್ ಹಿಂದಕ್ಕೆ ಸುತ್ತುವ ಸದ್ದು, ಮತ್ತೆ ಡ್ರಮ್. ಅವನಿಗೆ ಇಂಥ ಹುರುಪು ಬಂದು ವರ್ಷಗಳಾದವು. ಅದನ್ನು ನಾನು ಕೆಡಿಸಲಾರೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನೂ ಅಮ್ಮನೂ ಸೇರಿ ಯೋಚಿಸಿದ್ದು ಹೀಗೆ: ಹೊರಡುವ ಮುನ್ನಾದಿನ ಕ್ಲಿಫರ್ಡ್‌ಗೆ ಜ್ವರ ಬರಲಿ. ಅವನ ಬದಲಿಗೆ ಯಾರದೋ ಪೆಟ್ಟಿಗೆ ಕಡ ತಂದೆ ಎಂದು ನೀನು ಹೇಳು. ಫೋಟೋವನ್ನು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದೇನೆ. ಅಲ್ಲಿಯವರೆಗೆ ಕ್ಲಿಫರ್ಡ್ ಬದುಕಿರಲಿ. ಅವನು ಕೋಲನ್ನು ಬಿಗಿಯಾಗಿ ಹಿಡಿಯುತ್ತಾನೋ ಸಡಿಲವಾಗಿಯೋ ಎಂದು ಅಪ್ಪ ಕೇಳಿದ್ದಾನೆ. ಏನಾದರೂ ಬರೆ, ಓದಿ ಹೇಳುತ್ತೇನೆ.

ಗೊಡೆಲೀವ್


ಶೆಫೀಲ್ಡ್
೧೪ ಜನವರಿ ೧೯೮೦

ಗೊಡೆಲೀವ್,

'ನೀನು' ಎಂದು ಬರೆಯುವಾಗ ಕೈ ಒಂದು ಸಲ ತಡೆಯಿತು, ಈಗ ಸರಿಹೋಯಿತು.

ಇಲ್ಲಿ ಉಕ್ಕಿನ ಮುಷ್ಕರ. ಕಣಿವೆಯ ಉಕ್ಕಿನ ಕಾರ್ಖಾನೆಗಳ ದೊಡ್ಡ ಸುತ್ತಿಗೆಗಳು ನಿಂತಿವೆ. ನಾನು ಹುಟ್ಟಿದಾಗಿನಿಂದ ನನ್ನ ಮಂಚ ಅವುಗಳ ಜೊತೆ ಅದುರುತ್ತಿತ್ತು. ಈಗ ಊರು ಎಷ್ಟು ಸುಮ್ಮನಿದೆ ಎಂದರೆ ಅಜ್ಜಿಗೆ ನಿದ್ದೆ ಬರುತ್ತಿಲ್ಲ, "ಕ್ಲಿಫರ್ಡನ್ನ ಮೆಲ್ಲಗೆ ಹಚ್ಚೋ" ಎನ್ನುತ್ತಾಳೆ. ಚಮಚಕ್ಕೂ ಉಕ್ಕಿಲ್ಲ, ಅರ್ಧ ದಿನ ಕೆಲಸ. ಹೊಸದಾಗಿ ಎರಡು ಹಾಡು ಮಾಡಿದೆ.

ಇದನ್ನು ನಿನ್ನ ಅಪ್ಪನಿಗೆ ಓದು: ಕ್ಲಿಫರ್ಡ್ ಕೋಲನ್ನು ಸಡಿಲವಾಗಿ ಹಿಡಿಯುತ್ತಾನೆ. ದಿನಕ್ಕೆ ನಾಲ್ಕು ಗಂಟೆ ಅಭ್ಯಾಸ. ಚಳಿಯಿರಲಿ, ಜ್ವರವಿರಲಿ, ನಾನು ಕಂಡ ಹಾಗೆ ಒಂದು ಏಟು ತಪ್ಪಿದ್ದಿಲ್ಲ. ಊರಿನ ಬೇರೆ ತಂಡದವರೂ ಅವನನ್ನು ಎರವಲು ಕೇಳುತ್ತಾರೆ. ಫಿರ್ಮಿನ್ ಅವರಿಗೆ ನಮಸ್ಕಾರ ತಿಳಿಸಿದ್ದಾನೆ.

ಸತ್ಯದ ತಲೆ ಮೇಲೆ ಹೊಡೆದ ಹಾಗಿದೆ ಅಲ್ಲವೇ? ಒಂದೊಂದು ಮಾತೂ ನಿಜ, ಕೋಲೊಂದು ಬಿಟ್ಟು. ಅಜ್ಜಿಗೆ ಮಾತ್ರ ಸರಿಬಂದಿಲ್ಲ. "ಚಿಕ್ಕ ಸುಳ್ಳಿಗೆ ದಿನಾ ಊಟ ಹಾಕ್ತಾ ಇದ್ರೆ ಅದು ಚಿಕ್ಕದಾಗಿ ಇರಲ್ಲ" ಎನ್ನುತ್ತಾಳೆ.

ಐವರ್


ರೊನ್ಸೆ
೨೮ ಜನವರಿ ೧೯೮೦

ಐವರ್,

ನಿನ್ನ ಅಜ್ಜಿಯ ಮಾತು ಕೇಳಬೇಕಿತ್ತು.

ಕ್ಲಿಫರ್ಡ್‌ನ ಬಗ್ಗೆ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. 'ಒಂದು ಏಟು ತಪ್ಪಿದ್ದಿಲ್ಲ' ಎಂಬಲ್ಲಿ ಅಪ್ಪ ತಲೆ ಆಡಿಸಿದ. ಅವತ್ತು ಅಟ್ಟಕ್ಕೆ ಹೋಗಲಿಲ್ಲ. ಮರುದಿನ ಡ್ರಮ್ಮನ್ನು ಅಡುಗೆಮನೆಗೆ ಇಳಿಸಿಕೊಂಡು ಬಂದು, ಹಿತ್ತಾಳೆಯನ್ನೆಲ್ಲ ತಿಕ್ಕಿ, ಚರ್ಮಕ್ಕೆ ಎಣ್ಣೆ ಸವರಿ, ಅಮ್ಮನ ಒಳ್ಳೆಯ ಮೇಜುಹಾಸಿನಲ್ಲಿ ಸುತ್ತಿದ. ಏನಿದು ಎಂದೆ. ಫೆಬ್ರವರಿ ೨೩ಕ್ಕೆ ಅದನ್ನು ಕ್ಲಿಫರ್ಡ್‌ಗೆ ಕೊಡುತ್ತಾನಂತೆ. ಶುಕ್ರವಾರದ ಅಭ್ಯಾಸಕ್ಕೆ ಹೋಗದೆ ಮೂರು ವಾರವಾಯಿತಂತೆ. ಆ ಹೊತ್ತಿನಲ್ಲಿ ಕಾಲುವೆ ಪಕ್ಕದಲ್ಲಿ ನಡೆದಾಡಿ ಬರುತ್ತಿದ್ದನಂತೆ. ನಮಗೆ ಗೊತ್ತೇ ಇರಲಿಲ್ಲ. ಬ್ಯಾಂಡ್‌ಸೆಟ್‌ನವರಿಗೆ, ನನ್ನ ಲೆಕ್ಕ ಬಿಟ್ಟುಬಿಡಿ ಎಂದು ಹೇಳಿಯೂ ಆಗಿದೆ.

ಅವನು ಮೆಟ್ಟಿಲ ಮೇಲೆ ಕೂತು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ನಾನು ಎರಡನೇ ಚರಣಕ್ಕೇ ತಾಳಕ್ಕಿಂತ ಮುಂದೆ ಓಡೋಕೆ ಶುರು ಮಾಡ್ತೀನಿ ಮಗಳೇ. ಮೊದಲಿಂದ್ಲೂ ಹಾಗೇನೇ. ಎಲ್ಲರೂ ಸ್ವಲ್ಪ ಓಡ್ತಾರೆ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಎಲ್ಲರೂ ಓಡಲ್ಲ. ಆ ಹುಡುಗ ಓಡಲ್ಲ. ಚಳಿಗಾಲ ಪೂರ್ತಿ ಅವನ ಜೊತೆ ನಡೆಯೋಕೆ ನೋಡಿದೆ, ಆಗಲಿಲ್ಲ. ಬರೋನ ಕೈಗೆ ಕೊಟ್ಟು ಸುಮ್ಮನಿರೋದು ಮರ್ಯಾದೆ."

ಅವನು ಅಟ್ಟದಲ್ಲಿ ಸಂತೋಷಕ್ಕೆ ಬಾರಿಸುತ್ತಿದ್ದಾನೆ ಎಂದುಕೊಂಡಿದ್ದೆ. ದಿನವೂ ತನ್ನನ್ನು ತಾನು ಅಳೆದುಕೊಂಡು ಸೋತು ಇಳಿದು ಬರುತ್ತಿದ್ದ, ನಾನು ಕೆಳಗೆ ಕೂತು ಖುಷಿಪಡುತ್ತಿದ್ದೆ.

ಈಗ ಹೇಗೆ ಹೇಳಲಿ? ಪೆಟ್ಟಿಗೆ ಎಂದರೆ ಊರೆಲ್ಲ ಅವನನ್ನು ನೋಡಿ ನಗುತ್ತದೆ. ಹೇಳದಿದ್ದರೆ ಡ್ರಮ್ ಕೈಬಿಟ್ಟು ಹೋಗುತ್ತದೆ, ಅದರ ಜೊತೆ ಅಪ್ಪನೂ ಅರ್ಧ ಹೋಗುತ್ತಾನೆ. ಕ್ಲಿಫರ್ಡ್ ಸತ್ತನೆಂದು ನಿನ್ನಿಂದ ಬರೆಸೋಣ ಎಂದೆ. ಅದಕ್ಕೆ ಅಮ್ಮ, "ಸತ್ತರೆ ನಿಮ್ಮಪ್ಪ ಡ್ರಮ್ ತಗೊಂಡೋಗಿ ಸಮಾಧಿ ಮೇಲೆ ಇಟ್ಟು ಬರ್ತಾರೆ" ಎಂದಳು. ನಗು ಬರಬೇಕಿತ್ತು, ಬರಲಿಲ್ಲ.

ಗೊಡೆಲೀವ್


ಶೆಫೀಲ್ಡ್
೪ ಫೆಬ್ರವರಿ ೧೯೮೦

ಗೊಡೆಲೀವ್,

ಕೆಳಗಿನದು ನಿನಗಲ್ಲ, ನಿನ್ನ ಅಪ್ಪನಿಗೆ. ಒಂದು ಮಾತೂ ಬದಲಿಸದೆ ಓದಿ ಹೇಳು. ಮೆತ್ತಗೆ ಮಾಡಲು ಹೋಗಬೇಡ. ಓದುವ ಮೊದಲು ಹಿಟ್ಟಿನ ಡಬ್ಬಿಯ ಹಿಂದಿನ ಫೋಟೋ ಅವರ ಕೈಗೆ ಕೊಡು.

ಫಿರ್ಮಿನ್ ಅವರಿಗೆ,

ಗಡಿಯಾರದ ಪಕ್ಕ ಇರುವ ಪೆಟ್ಟಿಗೆಯೇ ಕ್ಲಿಫರ್ಡ್. ಅವನಿಗೆ ಕೈಯಿಲ್ಲ, ಕೋಲಿಲ್ಲ. ತಮಾಷೆಗೆ ಹೆಸರಿಟ್ಟೆ. ನೀವು ನಂಬಿದಿರಿ ಎಂದು ತಿಳಿದ ಮೇಲೂ ಹೇಳಲಿಲ್ಲ, ಇನ್ನಷ್ಟು ಕಟ್ಟಿ ಬರೆದೆ. ಅದಕ್ಕೆ ನಾಚಿಕೆಯಾಗಿದೆ. ಗೊಡೆಲೀವ್ ಸುಮ್ಮನಿದ್ದದ್ದು ನಿಮ್ಮ ಮೇಲಿನ ಪ್ರೀತಿಗೆ, ಅವಳನ್ನು ಬೈಯಬೇಡಿ.

ಮೊದಲು ನನಗೆ ಮನುಷ್ಯ ಡ್ರಮ್ಮರನೇ ಇದ್ದ, ಡೆನ್ಜಿಲ್. ನಿಮ್ಮ ಹಾಗೇ ಎರಡನೇ ಚರಣಕ್ಕೆ ಓಡುತ್ತಿದ್ದ. ನಾನು ಬೈಯುತ್ತಿದ್ದೆ. ಅವನು ಮದುವೆಯಾಗಿ ಊರು ಬಿಟ್ಟ. ಇನ್ನೊಬ್ಬ ಸಿಗಲಿಲ್ಲ, ಈ ಪೆಟ್ಟಿಗೆ ತಂದೆ. ಇವನು ಓಡುವುದಿಲ್ಲ, ನಿಜ. ಆದರೆ ನಾನು ಉಸಿರು ತೆಗೆದುಕೊಳ್ಳಲು ತಡೆದರೆ ನಿಲ್ಲುವುದೂ ಇಲ್ಲ. ಕೆಮ್ಮಿದರೂ ಅಷ್ಟೇ, ಅಜ್ಜಿ ಬಿದ್ದಳೆಂದು ನಾನು ಎದ್ದು ಓಡಿದಾಗಲೂ ಅಷ್ಟೇ, ತನ್ನ ಪಾಡಿಗೆ ಬಾರಿಸುತ್ತಲೇ ಇದ್ದ. ಡೆನ್ಜಿಲ್ ನನ್ನ ಬೆನ್ನು ನೋಡಿಯೇ ನಾನು ಪದ ಮರೆತೆನೆಂದು ತಿಳಿಯುತ್ತಿದ್ದ, ತಿಳಿದು, ಪದ ನೆನಪಾಗುವವರೆಗೆ ಅದೇ ತಾಳದಲ್ಲಿ ಅಲ್ಲೇ ಸುತ್ತು ಹಾಕುತ್ತಿದ್ದ. ಅವನಿದ್ದಾಗ ಅದರ ಬೆಲೆ ನನಗೆ ತಿಳಿಯಲಿಲ್ಲ.

ನೀವು ಸೋತದ್ದು ಮನುಷ್ಯನಿಗಲ್ಲ. ಡ್ರಮ್ಮನ್ನು ಅವನಿಗೆ ಕೊಡಬೇಡಿ. ಅವನು ಅದನ್ನು ಎತ್ತಲಾರ.

ಕಾರ್ಯಕ್ರಮ ಬೇಡ ಎಂದರೆ ನನಗೆ ಬೇಸರವಿಲ್ಲ.

ಐವರ್ ಸ್ಟಾನಿಫೋರ್ತ್


ರೊನ್ಸೆ
೧೩ ಫೆಬ್ರವರಿ ೧೯೮೦

ಐವರ್,

ಓದಿದೆ. ಗುರುವಾರ, ಊಟವಾದ ಮೇಲೆ. ಅಮ್ಮ ಪಾತ್ರೆ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ಅಪ್ಪ ಕನ್ನಡಕ ಹಾಕಿಕೊಂಡು ಫೋಟೋವನ್ನು ದೀಪದ ಹತ್ತಿರ ಹಿಡಿದ. ಮೊದಲು ಗಡಿಯಾರವನ್ನು ತೋರಿಸಿ ಇದಾ ಎಂದು ಕೇಳಿದ. ಅಲ್ಲ, ಪಕ್ಕದ್ದು ಎಂದೆ. ಪತ್ರ ಮುಗಿದ ಮೇಲೆ ಫೋಟೋವನ್ನು ಮೇಜಿನ ಮೇಲಿಟ್ಟ. ಆಮೇಲೆ ಕೇಳಿದ:

"ಅಂದ್ರೆ, ಹಾಗೆ ಬಾರಿಸೋ ಮನುಷ್ಯ ಯಾರೂ ಇಲ್ವಾ?"

"ಇಲ್ಲಪ್ಪ."

"ಇಂಗ್ಲೆಂಡಲ್ಲೂ ಇಲ್ವಾ?"

"ಎಲ್ಲೂ ಇಲ್ಲ."

ಅಪ್ಪ ಕುರ್ಚಿಗೆ ಒರಗಿ ಉಸಿರು ಬಿಟ್ಟ. ಅವನ ಮುಖ ಈಗಲೂ ಕಣ್ಣ ಮುಂದಿದೆ. ಬೈಸಿಕೊಳ್ಳಲು ನಾನು ತಯಾರಾಗಿ ಕೂತಿದ್ದೆ, ಅವನು ಅಮ್ಮನ ಕಡೆ ತಿರುಗಿ, ಮೊಲದ ಸಾರು ಉಳಿದಿದೆಯೇ ಎಂದು ಕೇಳಿದ. ತಿನ್ನುತ್ತಾ ತಿನ್ನುತ್ತಾ ಒಬ್ಬನೇ ನಗತೊಡಗಿದ. ಬೈದದ್ದು ಮರುದಿನ ಬೆಳಿಗ್ಗೆ, ಅದೂ ಅಮ್ಮನನ್ನು, ಒಳ್ಳೆಯ ಮೇಜುಹಾಸಿನಲ್ಲಿ ಡ್ರಮ್ ಸುತ್ತಲು ಯಾಕೆ ಬಿಟ್ಟೆ ಎಂದು.

ಶುಕ್ರವಾರ ಡ್ರಮ್ ಹೊತ್ತುಕೊಂಡು ಅಭ್ಯಾಸಕ್ಕೆ ಹೋದ. ನಾನು ಹೆದರಿ ಹಿಂದೆಯೇ ಹೋದೆ. ಯಾರೂ ಕೇಳುವ ಮೊದಲೇ ಫೋಟೋವನ್ನು ಮೇಜಿನ ಮೇಲಿಟ್ಟು, ಇವನ ಹತ್ತಿರ ಸೋತೆ ಎಂದು ತಾನೇ ಹೇಳಿದ. ನಕ್ಕರು, ಚೆನ್ನಾಗಿಯೇ ನಕ್ಕರು. ಟ್ರೊಂಬೋನ್ ಊದುವ ಓಡಿಲಾನ್ ಮಾಮ, ವರ ಚೆನ್ನಾಗಿದಾನೆ, ಮಗಳಿಗೆ ಕೇಳಬಾರದೇ ಎಂದ. ಅಪ್ಪನೂ ನಕ್ಕ. ಆಮೇಲೆ ಸಮಿತಿಯವರು, ನೀನು ಕೊಟ್ಟ ಮಾತು ಮುರಿಯಿತು, ಸಭಾಂಗಣ ಕೊಡುವುದು ಹೇಗೆ ಎಂದು ಗಂಭೀರವಾದರು. ಅಪ್ಪ ಎದ್ದು ನಿಂತ.

"ಡ್ರಮ್ ಬಾರಿಸೋನು ಒಬ್ಬ ಇದಾನೆ ಅಂದಿದ್ದೆ. ಇರ್ತಾನೆ."

ಆದ್ದರಿಂದ ಬಾ. ಶುಕ್ರವಾರವೇ ಬಾ, ಅಪ್ಪನ ಜೊತೆ ಅಭ್ಯಾಸ ಬೇಕು. ಕ್ಲಿಫರ್ಡನ್ನೂ ತಾ, ಅಪ್ಪನಿಗೆ ಅವನನ್ನು ಎದುರಿಗೆ ನೋಡಬೇಕಂತೆ. ನನಗೆ ಯಾರನ್ನು ನೋಡಬೇಕೆಂದು ಬರೆಯುವುದಿಲ್ಲ, ನಾಚಿಕೆಯಾಗುತ್ತದೆ.

ಗೊಡೆಲೀವ್


ರೊನ್ಸೆ
೨ ಮಾರ್ಚ್ ೧೯೮೦

ಐವರ್ ಮಗನೇ,

ನಾನು ಫಿರ್ಮಿನ್. ಹೇಳ್ತಿರೋದು ನಾನು, ಬರೀತಿರೋದು ಗೊಡೆಲೀವ್. ನಡುವೆ ಅವಳು ತನ್ನದೇನಾದ್ರೂ ಸೇರಿಸಿದ್ರೆ ನನ್ನ ತಲೆಗೆ ಕಟ್ಟಬೇಡ. (ಸೇರಿಸುತ್ತೇನೆ.)

ಕ್ಷೇಮವಾಗಿ ಮನೆ ಸೇರಿದೆ ಅಂತ ತಿಳಿದು ಸಂತೋಷ. ಹಡಗಲ್ಲಿ ವಾಂತಿ ಮಾಡ್ಕೊಂಡೆಯಂತೆ. ಕಟ್ಟಿಕೊಟ್ಟಿದ್ದು ಅಷ್ಟೂ ಹೋಯ್ತಲ್ಲ ಅಂತ ನನ್ನ ಹೆಂಡತಿ ಆಲ್ಮಾ ಬೇಜಾರು ಮಾಡ್ಕೊಂಡಿದಾಳೆ. ನಿನ್ನನ್ನ ಸೋಫಾದಲ್ಲಿ ಮಲಗಿಸಿ ಕ್ಲಿಫರ್ಡನ್ನ ಹಾಸಿಗೇಲಿ ಮಲಗಿಸಿದ್ಲು ಅಂತ ಕೋಪ ಮಾಡ್ಕೋಬೇಡ. ಹಾಸಿಗೆ ಅಂತ ಮಾತು ಕೊಟ್ಟಾಗಿತ್ತು, ಅವಳು ಮಾತಿಗೆ ತಪ್ಪೋಳಲ್ಲ. (ಅವನಿಗೆ ಹೊದಿಕೆಯನ್ನೂ ಹೊದಿಸಿದ್ದಳು.)

ಈಗ ವಿಷಯಕ್ಕೆ ಬರ್ತೀನಿ. ಅವತ್ತು ಸಭಾಂಗಣದಲ್ಲಿ ನುಡಿಸ್ತಿರುವಾಗ ನನ್ನ ಕಾಲು ತಾಗಿ ಕ್ಲಿಫರ್ಡ್‌ನ ವೈರು ಕಿತ್ತುಬಂತು ಅಂತ ಊರಲ್ಲಿ ಹೇಳ್ತಿದಾರೆ. ನೀನೂ ಹಾಗೇ ಬರೆದಿದೀಯ. ಸುಳ್ಳು. ನಾನು ಬೇಕಂತಲೇ ಎಳೆದದ್ದು. ನಿನ್ನ ಬೆನ್ನು ನೋಡ್ತಿದ್ದೆ, ನಾಲ್ಕನೇ ಹಾಡಲ್ಲಿ ಹೆಗಲು ಮೇಲೆ ಹೋಯ್ತು, ಪದ ಮರೆತಿದೀಯ ಅಂತ ತಿಳೀತು. ಅವನು ನೋಡ್ತಾನೆ, ನಿಲ್ತಾನೆ ಅಂತ ಕಾದೆ. ತನ್ನ ಪಾಡಿಗೆ ಹೋಗ್ತಾನೇ ಇದ್ದ. ನೀನು ಗೊಡೆಲೀವ್ ಕಡೆ ನೋಡಿದೆ, ಅವಳು ತನ್ನ ಸಿಂಥಸೈಜರಿನ ಗುಂಡಿ ತಿರುಗಿಸೋದು ಬಿಟ್ಟು ನಿನ್ನನ್ನೇ ನೋಡ್ತಾ ನಿಂತಿದ್ಲು, ಅವಳಿಂದ ಏನೂ ಉಪಯೋಗ ಇರಲಿಲ್ಲ. (ಇದನ್ನು ಬರೆಯಲ್ಲ ಎಂದೆ. ಬರೆಯದಿದ್ದರೆ ಅಂಚೆಗೆ ಹಾಕಲ್ಲ ಎನ್ನುತ್ತಾನೆ.) ಅದಕ್ಕೆ ಎಳೆದೆ. ಎಳೆದು ಅಲ್ಲೇ ಸುತ್ತು ಹಾಕ್ತಾ ಇದ್ದೆ, ಪದ ಬರೋವರೆಗೂ. ಎಷ್ಟು ಸುತ್ತು ಅಂತ ನಾನೂ ಲೆಕ್ಕ ಇಟ್ಟಿಲ್ಲ. ಬಂತಲ್ಲ.

ಎರಡನೇ ಚರಣಕ್ಕೆ ಓಡಿದೆ, ಗೊತ್ತು. ನೀನೂ ಜೊತೇಲಿ ಓಡಿದೆ. ಕಣ್ಣಿಗೆ ಮಸಿ ಬಳ್ಕೊಂಡು ಕೇಳೋಕೆ ಬಂದಿದ್ದ ಆ ಹುಡುಗ್ರೂ ಕುಣೀತಾ ಓಡಿದ್ರು. ಓಡಿಲಾನ್ ಇವತ್ತಿಗೂ ಅದು ಸಂಗೀತ ಅಲ್ಲ ಅಂತಾನೆ. ಕೊನೇವರೆಗೂ ಕೂತಿದ್ದ, ಕಾಲು ಕುಟ್ತಿದ್ದ, ನಾನು ವೇದಿಕೆ ಮೇಲಿಂದ ನೋಡಿದೀನಿ.

ಬ್ಯಾಂಡ್‌ಸೆಟ್‌ಗೆ ಮತ್ತೆ ಹೋಗ್ತಿದೀನಿ. ಈಸ್ಟರ್ ಸೋಮವಾರ ಊರೆಲ್ಲ ಮೆರವಣಿಗೆ ಇದೆ, ನೀನು ಬಾ. ಸಿಂಥಸೈಜರು ಬೇಡ. (ನಾನು ಕರೆದರೂ ಬರುತ್ತೀ ಅಲ್ಲವೇ?) ಕ್ಲಿಫರ್ಡ್‌ನ ಮಾತ್ರ ಮರೀದೆ ತಾ. ಬೀದೀಲಿ ಅವನಿಗೆ ಕರೆಂಟು ಸಿಗಲ್ಲ, ಅದು ನಂಗೂ ಗೊತ್ತು. ಅವನನ್ನ ಕಂಕುಳಲ್ಲಿ ಇಟ್ಕೊಂಡು ನನ್ನ ಹಿಂದೇನೇ ನಡೀತಾ ಬಾ. ಚಳಿಗಾಲ ಪೂರ್ತಿ ನಾನು ಅವನದು ಕೇಳಿದೀನಿ. ಒಂದು ದಿನ ಅವನು ಬಾಯಿ ಮುಚ್ಕೊಂಡು ನಂದು ಕೇಳಲಿ.

ಫಿರ್ಮಿನ್ ಡೆಪ್ರೆ
ದೊಡ್ಡ ಡ್ರಮ್